ಅಶೋಕ ರಸ್ತೆಯಿಂದ ಬನ್ನಿಮಂಟಪಕ್ಕೆ: ಫಿಲೋಮಿನಾ ಕಾಲೇಜು ನೋಡಿದ ದಿನ

ಮೈಸೂರಿನಲ್ಲಿ ಕ್ರಿಶ್ಚಿಯನ್ ಕಾಲೇಜು ಯಾವುದು ಅಂತ ಕೇಳಿದರೆ ಹಳಬರ ಬಾಯಲ್ಲಿ ಮೊದಲು ಬರುವ ಹೆಸರು ಸಂತ ಫಿಲೋಮಿನಾ ಕಾಲೇಜು. ಇರುವುದು ಬನ್ನಿಮಂಟಪದಲ್ಲಿ. ಜಂಬೂಸವಾರಿ ಕೊನೆಗೆ ಬಂದು ಸೇರುವುದು, ಪಂಜಿನ ಕವಾಯತು ನಡೆಯುವುದು ಎಲ್ಲ ಆ ಕಡೆಯೇ. ದಸರೆಗೆ ಬಂದ ಜನ ಕಾಲೇಜಿನ ಆಸುಪಾಸಿನಲ್ಲೇ ಓಡಾಡಿ ಊರಿಗೆ ವಾಪಸ್ ಹೋಗುತ್ತಾರೆ. ಒಳಗೆ ಹೋಗಿ ನೋಡಿದವರು ಕಮ್ಮಿ. ತಂಗಿ ಮಗಳಿಗೆ ಡಿಗ್ರಿ ಸೀಟು ನೋಡಬೇಕಿತ್ತು. ನನಗೆ ಹಳೇ ಕಟ್ಟಡ ಅಂದರೆ ಪ್ರಾಣ. ಇಬ್ಬರೂ ಮಂಡ್ಯದಿಂದ ಹೊರಟೆವು.

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಹೊಸ ಹೆದ್ದಾರಿ ಬಂದ ಮೇಲೆ ಕಾರಿನವರು ಬೇಗ ತಲುಪುತ್ತಾರೆ. ನಮಗೆ ರೈಲೇ ಇಷ್ಟ. ಪಾಂಡವಪುರ ದಾಟಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಕಂಡಾಗ ಬೋಗಿಯಲ್ಲಿ ಯಾರಾದರೂ ಕೈಮುಗಿದೇ ಮುಗಿಯುತ್ತಾರೆ.

ಕಾಲೇಜಿಗೆ ಮೊದಲು ಅಶೋಕ ರಸ್ತೆಯ ಚರ್ಚಿಗೆ ಹೋದೆವು. ಎರಡಕ್ಕೂ ಹೆಸರು ಒಂದೇ, ಬೇರೂ ಒಂದೇ. ಅಲ್ಲಿ 1843ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, ಒಂದು ಚರ್ಚು ಎದ್ದಿತ್ತು. ಈಗಿನ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. 1933ರ ಅಕ್ಟೋಬರ್ 28ರಂದು. ಚಾಮುಂಡಿಗೆ ನಡೆದುಕೊಳ್ಳುವ ಅರಸರು ಸಂತ ಫಿಲೋಮಿನಾ ಹೆಸರಿನ ಚರ್ಚಿಗೆ ಕಲ್ಲಿಟ್ಟರು. ಇದನ್ನು ನೆನೆದಾಗಲೆಲ್ಲ ನಮ್ಮ ಸೀಮೆಯ ಬಗ್ಗೆ ಹೆಮ್ಮೆ ಆಗುತ್ತದೆ.

ನಕ್ಷೆ ಹಾಕಿದವರು ಡಾಲಿ ಅನ್ನೋ ಫ್ರೆಂಚ್ ಶಿಲ್ಪಿ. ಜರ್ಮನಿಯ ಕಲೋನ್ ಚರ್ಚಿನ ಮಾದರಿ ಅದು. ಅವಳಿ ಗೋಪುರಗಳು 175 ಅಡಿ ಎತ್ತರ. ಒಳಗೆ ನಿಂತರೆ ಇಡೀ ಕಟ್ಟಡ ಶಿಲುಬೆಯ ಆಕಾರದಲ್ಲಿದೆ ಅಂತ ಗೊತ್ತಾಗುತ್ತದೆ. ಉದ್ದನೆಯ ಕಾಂಡದಲ್ಲಿ ಜನ ಕೂರುತ್ತಾರೆ. ಎರಡು ತೋಳು ಅಡ್ಡ ಬರುವ ಕಡೆ ಬಲಿಪೀಠ. ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಹುಟ್ಟು, ಕೊನೆಯ ಭೋಜನ, ಶಿಲುಬೆ, ಪುನರುತ್ಥಾನ ಎಲ್ಲ ಇವೆ. ನೆಲಮಾಳಿಗೆಗೆ ಇಳಿದರೆ ಸಂತ ಫಿಲೋಮಿನಾ ಪ್ರತಿಮೆ. ಅಲ್ಲಿ ಕ್ರಿಶ್ಚಿಯನ್ನರಷ್ಟೇ ಭಕ್ತಿಯಿಂದ ಬೇರೆಯವರೂ ನಿಲ್ಲುತ್ತಾರೆ.

ಈ ಚರ್ಚಿನ ಕೆಲಸ ನೋಡಿಕೊಂಡವರು ರೆನೆ ಫ್ಯೂಗಾ. ಮುಂದೆ ಅವರು ಮೈಸೂರಿನ ಬಿಷಪ್ ಆಗಿದ್ದಾಗಲೇ, 1946ರಲ್ಲಿ, ಕಾಲೇಜು ಶುರುವಾಯಿತು. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಒಂದು ವರ್ಷ ಇತ್ತು.

ಆಟೋ ಹಿಡಿದು ಬನ್ನಿಮಂಟಪಕ್ಕೆ ಬಂದೆವು. ಗೇಟಿನಲ್ಲಿ ವಿಷಯ ಹೇಳಿದ್ದಕ್ಕೆ ಒಳಗೆ ಬಿಟ್ಟರು. ದೊಡ್ಡ ಮೈದಾನ, ಮರಗಳು, ತರಗತಿಗಳು, ಲ್ಯಾಬು, ಲೈಬ್ರರಿ. ಹುಡುಗಿಯ ಕಣ್ಣೆಲ್ಲ ಲ್ಯಾಬಿನ ಮೇಲೆ. ನಾನು ಮಾತ್ರ ಕತ್ತೆತ್ತಿ ಛಾವಣಿ, ಸಜ್ಜಾ, ನೀರಿನ ಪೈಪು ನೋಡುತ್ತಾ ನಡೆದೆ. ನಮ್ಮಪ್ಪ ಗಾರೆ ಕೆಲಸದವರು. ಯಾವ ಕಟ್ಟಡಕ್ಕೆ ಹೋದರೂ ಮಳೆ ನೀರು ಎಲ್ಲಿಂದ ಇಳಿಯುತ್ತೆ ಅಂತ ಮೊದಲು ನೋಡು ಅನ್ನೋರು.

ಕಿಟಕಿ ಮೇಲಿನ ಸಜ್ಜಾದ ಅಡಿಗೆ, ಅಂಚಿನಿಂದ ಒಂದಿಂಚು ಒಳಗೆ, ಬೆರಳು ಹಿಡಿಯುವಷ್ಟು ಒಂದು ಗೆರೆ ಕೊರೆದಿರುತ್ತಾರೆ. ನೀರು ಸಜ್ಜಾದ ಕೆಳಗೆ ಹರಿದು ಗೋಡೆಗೆ ಬರುವ ಬದಲು ಆ ಗೆರೆಯಲ್ಲಿ ನಿಂತು ತೊಟ್ಟಿಕ್ಕುತ್ತದೆ. ಬಣ್ಣ ಬಳಿಯುವವರು ಅದನ್ನು ಮುಚ್ಚಿಬಿಟ್ಟರೆ ಎರಡೇ ಮಳೆಗಾಲಕ್ಕೆ ಗೋಡೆ ಕಪ್ಪಾಗುತ್ತದೆ. ತಂಗಿ ಮಗಳಿಗೆ ಇದನ್ನು ತೋರಿಸಿದೆ. ಅವಳು ಸಜ್ಜಾದ ಕೆಳಗೆ ಕೈ ಹಾಕಿ ಗೆರೆ ಮುಟ್ಟಿ ನೋಡಿದಳು.

ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಇಷ್ಟು ಮಾತು ಅಂದರೆ, ಮೈಸೂರು ಪೆಟ್ಟು ತಿಂದಿರುವುದೇ ಇಲ್ಲಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಹೋಯಿತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡ ಒಂದು ಕಡೆ ಕುಸಿಯಿತು. ಕೆಮಿಸ್ಟ್ರಿ ಲ್ಯಾಬ್ ಇದ್ದ ಕಡೆ! ಓದುವ ಮಕ್ಕಳ ತಲೆ ಮೇಲಿನ ಛಾವಣಿ ಅದು.

ಹಳೇ ಕಾಲದ ಮದ್ರಾಸ್ ತಾರಸಿಯಲ್ಲಿ ಮರದ ತೊಲೆ, ಮೇಲೆ ನಿಲ್ಲಿಸಿ ಜೋಡಿಸಿದ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ನೀರು ಇಂಗಿದರೆ ಗೋಡೆಯೊಳಗೆ ಕೂತ ತೊಲೆಯ ತುದಿ ಕೊಳೆಯುತ್ತದೆ. ಹೊರಗಿನಿಂದ ಏನೂ ಕಾಣಲ್ಲ. ಸುಣ್ಣದ ಗೋಡೆ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿಯುತ್ತದೆ. ತಾರಸಿಯ ಬಿರುಕಿನಲ್ಲಿ ಅರಳಿ ಸಸಿ ಹುಟ್ಟಿದರಂತೂ ಬೇರು ಗೋಡೆಯನ್ನೇ ಸೀಳುತ್ತದೆ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಒಬ್ಬರು ಮೇಲೆ ಹತ್ತಿ ಎಲೆ ಗುಡಿಸಿ, ಸಸಿ ಕಿತ್ತು, ನೀರಿನ ದಾರಿ ಬಿಡಿಸಿದರೆ ಕಟ್ಟಡ ಇನ್ನೂ ಎಷ್ಟೋ ಕಾಲ ನಿಲ್ಲುತ್ತದೆ. ಹೊಸ ಬ್ಲಾಕ್ ಉದ್ಘಾಟನೆಗೆ ಎಲ್ಲರೂ ಬರುತ್ತಾರೆ. ಈ ಗುಡಿಸುವ ಕೆಲಸಕ್ಕೆ ದುಡ್ಡು ಎತ್ತಿಡಬೇಕು ಅಂತ ಕೇಳುವವರು ಬೇಕು. ಫೀಸು ಕಟ್ಟುವ ನಾವೇ ಕೇಳಬೇಕು ಅಲ್ವಾ?

ಕಾಲೇಜಿನಿಂದ ಹೊರಡುವಾಗ ಮಧ್ಯಾಹ್ನದ ಬಿಡುವು. ಮರದ ನೆರಳಿನಲ್ಲಿ ಹುಡುಗರು, ಹುಡುಗಿಯರು ಡಬ್ಬಿ ಬಿಚ್ಚಿ ಕೂತಿದ್ದರು. ಒಂದು ಗುಂಪಿನಲ್ಲಿ ಬುರ್ಖಾದವಳು, ಹಣೆಗೆ ಕುಂಕುಮ ಇಟ್ಟವಳು, ಕೊರಳಲ್ಲಿ ಶಿಲುಬೆ ಇದ್ದವಳು ಮೂವರೂ ಒಂದೇ ಚಿತ್ರಾನ್ನಕ್ಕೆ ಕೈ ಹಾಕಿದ್ದರು. ಎಂಥ ಒಳ್ಳೇ ನೋಟ!

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನೂ ನೋಡೋಣ ಅಂದುಕೊಂಡಿದ್ದೆ. 1906ರಲ್ಲಿ ಹೆಂಗಸರು, ಮಕ್ಕಳಿಗಾಗಿ ಶುರುವಾದ ಅದನ್ನು ಊರಲ್ಲೆಲ್ಲ ಮಿಷನ್ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ಹೊತ್ತು ಸಾಲಲಿಲ್ಲ.

ನೀವು ಹೋಗುವುದಾದರೆ ತರಗತಿ ನಡೆಯುವ ದಿನವೇ ಹೋಗಿ. ಅದೂ ಮಳೆಗಾಲದಲ್ಲಿ ಹೋಗಿ. ಮುಂಬಾಗಿಲ ಹತ್ತಿರ ಫೋಟೋ ತೆಗೆದು ಬರಬೇಡಿ. ಮೆಟ್ಟಿಲ ಕೆಳಗಿನ ಮೂಲೆ, ಶೌಚಾಲಯದ ಗೋಡೆ, ಲ್ಯಾಬಿನ ಛಾವಣಿ ನೋಡಿ. ಹುಡುಗಿಯರು ಉಳಿಯುವ ಜಾಗದಲ್ಲಿ ಬಿಸಿನೀರು ಬರುತ್ತಾ ಅಂತ ಅಲ್ಲಿರುವ ಮಕ್ಕಳನ್ನೇ ಕೇಳಿ.