ಕರಕರ ಅನ್ನುವ ವಾಲ್ಯೂಮ್ ನಾಬ್‌ಗೆ ಹೊಸ ಪಾಟ್

ಕೊಡಗಿನ ಮಳೆಗೆ ಬೆಲ್ಟು, ಚಪ್ಪಲಿ, ಬೀರುವಿನ ಬಟ್ಟೆ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಎಲೆಕ್ಟ್ರಿಕ್ ಗಿಟಾರಿನ ಒಳಗೂ ಅದೇ ತೇವ ಹೋಗುತ್ತದೆ. ಕಣ್ಣಿಗೆ ಕಾಣೋದಿಲ್ಲ, ಕಿವಿಗೆ ಗೊತ್ತಾಗುತ್ತದೆ. ವಾಲ್ಯೂಮ್ ನಾಬ್ ತಿರುಗಿಸಿದರೆ ಆಂಪ್‌ನಲ್ಲಿ, ಅಂದರೆ ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್‌ನಲ್ಲಿ, ಕರಕರ ಸದ್ದು.

ಆಗ ಹೆಚ್ಚಿನವರು ಏನು ಮಾಡುತ್ತಾರೆ? ನಾಬನ್ನು ಪೂರ್ತಿ ತಿರುಗಿಸಿ ಹತ್ತಕ್ಕೆ ಇಟ್ಟುಬಿಡುತ್ತಾರೆ, ಮತ್ತೆ ಮುಟ್ಟೋದೇ ಇಲ್ಲ. ನನಗೆ ಇದನ್ನು ನೋಡಿದರೆ ಬೇಜಾರಾಗುತ್ತದೆ. ತಂತಿ ಮೀಟುವುದು ಎಷ್ಟು ಮುಖ್ಯವೋ ನಾಬ್ ತಿರುಗಿಸುವುದೂ ಅಷ್ಟೇ ಮುಖ್ಯ.

ನಾಪೋಕ್ಲಿನಲ್ಲಿರುವ ನನ್ನ ಚಿಕ್ಕಪ್ಪನ ಮಗನ ಕೈಯಲ್ಲಿ ಇದನ್ನು ನೋಡಬೇಕು. ಅವನದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೊಕಾಸ್ಟರ್) ಮಾದರಿಯ ಗಿಟಾರ್. ವಾಲ್ಯೂಮ್ ನಾಬ್ ತಂತಿಗಳ ಪಕ್ಕದಲ್ಲೇ ಇರುವುದರಿಂದ ಕಿರುಬೆರಳಿಗೆ ಸುಲಭವಾಗಿ ಸಿಗುತ್ತದೆ. ವಾಲ್ಯೂಮ್ ಸೊನ್ನೆಗೆ ಇಳಿಸುತ್ತಾನೆ, ತಂತಿ ಮೀಟುತ್ತಾನೆ, ಆಮೇಲೆ ಮೆಲ್ಲಗೆ ಏರಿಸುತ್ತಾನೆ. ಮೀಟಿದ ‘ಟಕ್’ ಕೇಳಿಸೋದೇ ಇಲ್ಲ. ಮದುವೆ ಮನೆಯ ವಾಲಗದವರು ಉಸಿರು ತುಂಬಿ ಊದಿದ ಹಾಗೆ ಸ್ವರ ಏಳುತ್ತದೆ. ಈ ಸಲ ಮಳೆ ಮುಗಿಯುವ ಹೊತ್ತಿಗೆ ಆ ಸ್ವರದ ನಡುವೆ ಪಟಪಟ ಸದ್ದು ಶುರುವಾಯಿತು. "ಅಣ್ಣ, ಅರ್ಧಕ್ಕೆ ಬಂದ್ರೆ ಸೌಂಡೇ ಹೋಗ್ತದೆ," ಅಂದ.

ಹಾಗಂತ ಕರಕರ ಅಂದ ಕೂಡಲೇ ಪಾಟ್ (ನಾಬ್‌ನ ಕೆಳಗಿದ್ದು ದನಿ ಏರಿಸಿ ಇಳಿಸುವ ಪೊಟೆನ್ಶಿಯೊಮೀಟರ್) ಬದಲಿಸಬೇಕಾಗಿಲ್ಲ. ಪಾಟ್‌ನ ಒಳಗೆ ಕಾರ್ಬನ್ ಬಳಿದ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಲೋಹದ ಸಣ್ಣ ನಾಲಿಗೆಯೊಂದು ಉಜ್ಜಿಕೊಂಡು ಓಡಾಡುತ್ತದೆ. ನಡುವೆ ಧೂಳು, ಕಿಲುಬು ಕೂತಿದ್ದರೆ ಎಲೆಕ್ಟ್ರಾನಿಕ್ಸ್‌ಗೆಂದೇ ಬರುವ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಪಾಟ್‌ಗೆ ತಂತಿ ಬೆಸೆಯುವ ಮೂರು ಕಾಲುಗಳ ಪಕ್ಕದ ಸಂದಿಯಲ್ಲಿ ಸ್ವಲ್ಪ ಸಿಂಪಡಿಸಿ, ನಾಬನ್ನು ಈ ತುದಿಯಿಂದ ಆ ತುದಿಗೆ ಚೆನ್ನಾಗಿ ತಿರುಗಿಸಬೇಕು. ಕಾರ್ಬನ್ನೇ ಸವೆದಿದ್ದರೆ ಮಾತ್ರ ಯಾವ ಸ್ಪ್ರೇಯೂ ಅದನ್ನು ಮತ್ತೆ ಬಳಿದು ಕೊಡುವುದಿಲ್ಲ.

ಸವೆದಿದೆಯಾ ಅಂತ ಮಲ್ಟಿಮೀಟರ್ ಹೇಳುತ್ತದೆ. ಮೊದಲು ಪಾಟ್‌ಗೆ ಬೆಸೆದ ವೈರಿನ ತಂತಿಗಳನ್ನು ಬಿಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಪಿಕ್‌ಅಪ್‌ನ (ಗಿಟಾರ್ ತಂತಿಗಳ ಕೆಳಗಿದ್ದು ಅವುಗಳ ಕಂಪನವನ್ನು ಹಿಡಿಯುವ ಸುರುಳಿಯ) ಓಮ್, ಅಂದರೆ ವಿದ್ಯುತ್ ತಡೆ, ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಮೀಟರ್‌ನ ಒಂದು ಕಡ್ಡಿ ನಡುವಿನ ಕಾಲಿಗೆ, ಇನ್ನೊಂದು ಪಕ್ಕದ ಕಾಲಿಗೆ ಇಟ್ಟು ನಿಧಾನ ತಿರುಗಿಸಿ. ಅಂಕಿ ಒಂದೇ ಸಮ ಏರಬೇಕು ಅಥವಾ ಇಳಿಯಬೇಕು. ಅವನ ಪಾಟ್‌ನಲ್ಲಿ ಏರುತ್ತಾ ಬಂದ ಅಂಕಿ ನಡುವೆ ಥಟ್ಟನೆ ಮಾಯವಾಗಿ, ಇನ್ನೊಂಚೂರು ತಿರುಗಿಸಿದ ಮೇಲೆ ಮತ್ತೆ ಬಂತು. ಕಿರುಬೆರಳು ಓಡಾಡುವ ಜಾಗದಲ್ಲೇ ಪಟ್ಟಿ ಸವೆದಿತ್ತು.

ಹೊಸದು ತರುವಾಗ ಗಮನ ಬೇಕು. ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕ್‌ಅಪ್‌ಗೆ ಸಾಮಾನ್ಯವಾಗಿ 250 ಕಿಲೊಓಮ್, ಎರಡು ಸುರುಳಿಯ ಹಂಬಕರ್‌ಗೆ 500. ರೇಡಿಯೊ ರಿಪೇರಿಯವರ ಹತ್ತಿರ ಸುಲಭವಾಗಿ ಸಿಗುವ 10 ಅಥವಾ 100 ಕಿಲೊಓಮ್ ಹಾಕಿದರೆ ದನಿ ಮಂಕಾಗುತ್ತದೆ. ಅಂಕಿಯ ಜೊತೆಗಿರುವ ಅಕ್ಷರವನ್ನೂ ನೋಡಿ. ಈಗ ಸಿಗುವ ಹೆಚ್ಚಿನ ಪಾಟ್‌ಗಳಲ್ಲಿ ‘ಎ’ ಅಂದರೆ ಆಡಿಯೊ ಟೇಪರ್, ‘ಬಿ’ ಅಂದರೆ ಲೀನಿಯರ್. ಟೇಪರ್ ಅಂದರೆ ನಾಬ್ ತಿರುಗಿಸಿದಂತೆ ಓಮ್ ಬದಲಾಗುವ ರೀತಿ. ನಮ್ಮ ಕಿವಿಗೆ ಸದ್ದು ಸಮವಾಗಿ ಏರಿದಂತೆ ಅನಿಸಬೇಕಾದರೆ ‘ಎ’ ಬೇಕು. ‘ಬಿ’ಯಲ್ಲಿ ಕೆಳಗಿನ ಸ್ವಲ್ಪ ಜಾಗದಲ್ಲೇ ಸದ್ದು ಜಿಗಿದುಬಿಡುತ್ತದೆ, ಮೇಲೆ ಎಷ್ಟು ತಿರುಗಿಸಿದರೂ ಹೆಚ್ಚು ವ್ಯತ್ಯಾಸ ತಿಳಿಯೋದಿಲ್ಲ. ಸ್ವರವನ್ನು ಮೆಲ್ಲಗೆ ಏರಿಸುವವನಿಗೆ ಅದು ಆಗಿಬರುವುದಿಲ್ಲ. ಇನ್ನು ಹಳೆಯ ಪಾಟ್‌ನ ಕತ್ತಿನ ದಪ್ಪ, ನಾಬ್ ಕೂರುವ ಹಲ್ಲುಗಳು ಹೊಸದಕ್ಕೆ ಹೊಂದುತ್ತವೆಯೇ ಅಂತ ನೋಡಿಕೊಂಡರೆ ಆಯಿತು.

ನಾಬ್, ಪಿಕ್‌ಅಪ್ ಕೂತಿರುವ ಮುಂಭಾಗದ ಹಲಗೆಯನ್ನು, ಅಂದರೆ ಪಿಕ್‌ಗಾರ್ಡನ್ನು, ಬಿಚ್ಚಿದ ಕೂಡಲೇ ಫೋಟೊ ತೆಗೆಯಿರಿ. ಯಾವ ಬಣ್ಣದ ತಂತಿ ಯಾವ ಕಾಲಿಗೆ ಅಂತ ಬರೆದೂ ಇಡಿ. ಕಷ್ಟದ ಕೆಲಸ ಇರುವುದು ಪಾಟ್‌ನ ಬೆನ್ನಿನಲ್ಲಿ. ಗ್ರೌಂಡ್ ತಂತಿಗಳೆಲ್ಲ ಅಲ್ಲಿಗೇ ಬರುತ್ತವೆ, ಆ ತಗಡು ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಸಣ್ಣ ಸೋಲ್ಡರಿಂಗ್ ಐರನ್ (ಬೆಸುಗೆ ಕಡ್ಡಿ) ಇಟ್ಟುಕೊಂಡು ತುಂಬಾ ಹೊತ್ತು ಒತ್ತಿದರೆ ಒಳಗಿನ ಪಟ್ಟಿಯೇ ಹಾಳಾದೀತು. ನಾನು 60 ವ್ಯಾಟ್ ಐರನ್‌ಗೆ ಅಗಲ ಮೂತಿ ಹಾಕುತ್ತೇನೆ. ಬೆನ್ನನ್ನು ಮರಳು ಕಾಗದದಲ್ಲಿ ಉಜ್ಜಿ, ಬೆಸುಗೆ ಚೆನ್ನಾಗಿ ಹಿಡಿಯಲು ಸ್ವಲ್ಪ ಫ್ಲಕ್ಸ್ ಹಚ್ಚಿ, ಐರನ್ ಇಡುತ್ತೇನೆ. ಮೊದಲು ಗುಂಡಗೆ ಕೂತ ಬೆಸುಗೆಯ ಸೀಸ ಒಮ್ಮೆಲೇ ಚಪ್ಪಟೆಯಾಗಿ ಹೊಳೆಯುತ್ತಾ ಹರಡುತ್ತದೆ. ಹಾಗೆ ಹರಡಿದರೆ ಮಾತ್ರ ಅದು ಹಿಡಿದಿದೆ ಅಂತ ಅರ್ಥ. ತಂತಿ ಇಟ್ಟು ಐರನ್ ತೆಗೆದ ಮೇಲೆ, ಸೀಸ ಗಟ್ಟಿಯಾಗುವ ತನಕ ಕೈ ಅಲ್ಲಾಡಬಾರದು. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಗಿಟಾರಿನ ಹಿಂಬದಿಯ ಸ್ಪ್ರಿಂಗ್‌ಗಳ ಕಡೆಯಿಂದ ಬರುವ ವೈರನ್ನು ಮಾತ್ರ ಬಿಟ್ಟುಬಿಡಬೇಡಿ. ಗಿಟಾರ್ ತಂತಿಗಳು ಗ್ರೌಂಡ್ ಆಗುವುದು ಅದರಿಂದಲೇ. ಅದು ಬಿಟ್ಟುಹೋದರೆ ಆಂಪ್‌ನಲ್ಲಿ ಗುಂಯ್ ಅನ್ನುವ ಸದ್ದು ಜಾಸ್ತಿಯಾಗುತ್ತದೆ.

ದನಿಯ ಚೂಪು ಕಡಿಮೆ ಮಾಡುವ ಟೋನ್ ನಾಬ್‌ಗಳ ಪಾಟ್‌ಗಳನ್ನೂ ಜೊತೆಗೇ ಬದಲಿಸಿದೆವು. ಹೇಗೂ ತಂತಿಗಳನ್ನೆಲ್ಲ ಬಿಚ್ಚಿದ್ದಾಗಿತ್ತು ಅಲ್ವಾ. ಟೋನ್ ಪಾಟ್‌ನ ಜೊತೆಗಿರುವ 0.022 ಮೈಕ್ರೊಫ್ಯಾರಡ್‌ನ ಹಳೆಯ ಕೆಪಾಸಿಟರ್ ಚೆನ್ನಾಗಿಯೇ ಇತ್ತು, ಅದನ್ನೇ ಇಟ್ಟೆವು. ದುಬಾರಿ ಕೆಪಾಸಿಟರ್‌ಗೆ ಸುಮ್ನೆ ದುಡ್ಡು ಸುರಿಯುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ದುಡ್ಡಿನಲ್ಲಿ ಒಳ್ಳೆಯ ಪಾಟ್ ತನ್ನಿ.

ಈಗ ನಾಬ್ ಹಿತವಾದ ಬಿಗಿಯಲ್ಲಿ ತಿರುಗುತ್ತದೆ, ಸೊನ್ನೆಯಿಂದ ಹತ್ತರ ತನಕ ಎಲ್ಲೂ ದನಿ ಕಡಿಯುವುದಿಲ್ಲ. ಅವನು ಇನ್ನೊಂದು ಆಸೆ ಮುಂದಿಟ್ಟಿದ್ದಾನೆ. ಹಳೆಯ ಸ್ಟ್ರಾಟ್ ವೈರಿಂಗ್‌ನಲ್ಲಿ ಬ್ರಿಜ್ ಪಿಕ್‌ಅಪ್‌ಗೆ (ತಂತಿಗಳು ಕಟ್ಟಿರುವ ಕೆಳತುದಿಯ ಹತ್ತಿರದ್ದಕ್ಕೆ) ಟೋನ್ ಕಂಟ್ರೋಲ್ ಇರುವುದಿಲ್ಲ, ಅದಕ್ಕೇ ಅದರ ದನಿ ಅಷ್ಟು ಚೂಪು. ಪಿಕ್‌ಅಪ್ ಆರಿಸುವ ಸ್ವಿಚ್‌ನ ಎರಡು ಕಾಲುಗಳ ನಡುವೆ ಒಂದು ಸಣ್ಣ ತಂತಿ ಬೆಸೆದರೆ ಎರಡನೇ ಟೋನ್ ನಾಬ್ ಅದಕ್ಕೂ ಕೆಲಸ ಮಾಡುತ್ತದೆ. ಮುಂದಿನ ಸಲ ಗಿಟಾರ್ ತಂತಿ ಬದಲಿಸುವಾಗ ಅದನ್ನೂ ಮಾಡುತ್ತೇವೆ.