ಅಕ್ಕ, ಹೊಸ ಕೆಲಸಕ್ಕೆ ಸಂಬಳ ಎಷ್ಟು ಪರ್ಸೆಂಟ್ ಹೈಕ್ ಕೇಳ್ಲಿ?

ಕೇಳಬೇಡಿ. ಪರ್ಸೆಂಟ್ ಲೆಕ್ಕದಲ್ಲಿ ಕೇಳಲೇಬೇಡಿ.

ಬೆಂಗಳೂರಿನಲ್ಲಿ ನೇಮಕಾತಿ ಕೆಲಸ ಮಾಡಿದವಳು ನಾನು. ಹಾಗಾಗಿ ನೆಂಟರಿಷ್ಟರಲ್ಲಿ ಯಾರಿಗೆ ಆಫರ್ ಬಂದರೂ ಮೊದಲ ಫೋನ್ ನನಗೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಬಿಡುವುದಿಲ್ಲ, ಪಕ್ಕದ ಎಲೆಯಿಂದ ಅದೇ ಮಾತು: “30 ಪರ್ಸೆಂಟ್ ಅಂದ್ರೆ ಜಾಸ್ತಿ ಆಗುತ್ತಾ ಅಕ್ಕ?” ಯಾವುದರ 30? ಈಗಿನ ಸಂಬಳದ್ದು. ಹೊಸ ಕೆಲಸಕ್ಕೂ ಈಗಿನ ಸಂಬಳಕ್ಕೂ ಏನು ಸಂಬಂಧ ಹೇಳಿ?

ದೊಡ್ಡ ಐಟಿ ಸೇವಾ ಕಂಪನಿಗಳಲ್ಲಿ ಹೊಸಬರ ಪ್ಯಾಕೇಜ್ ಹತ್ತು ವರ್ಷಕ್ಕೂ ಹೆಚ್ಚು ಕಾಲ 3ರಿಂದ 4 ಲಕ್ಷದ ಆಸುಪಾಸಿನಲ್ಲೇ ನಿಂತಿದೆ. ಅಲ್ಲಿಂದ ಶುರು ಮಾಡಿದ ಹುಡುಗಿ 4 ಲಕ್ಷಕ್ಕೆ 30 ಪರ್ಸೆಂಟ್ ಸೇರಿಸಿದರೆ 5 ಲಕ್ಷ 20 ಸಾವಿರ. 8 ಲಕ್ಷದಿಂದ ಶುರು ಮಾಡಿದವನಿಗೆ 10 ಲಕ್ಷ 40 ಸಾವಿರ. ಇಬ್ಬರೂ ಮಾಡುವುದು ಒಂದೇ ಕೆಲಸ. ಮೊದಲ ಕಂಪನಿ ಕಮ್ಮಿ ಕೊಟ್ಟಿತ್ತು ಅಂತ ಮುಂದಿನವರೂ ಕಮ್ಮಿ ಕೊಡಬೇಕಾ? ಇದನ್ನು ನೋಡಿ ನೋಡಿ ನನಗೆ ಸಿಟ್ಟು ಬಂದಿದೆ. “ನೀನು ಎಚ್‌ಆರ್ ಕಡೆಯವಳು, ಹೀಗೇ ಹೇಳ್ತೀಯ” ಅನ್ನುವವರೂ ಇದ್ದಾರೆ. ಆ ಕಡೆ ಕೂತಿದ್ದರಿಂದಲೇ ಹೇಳುತ್ತಿದ್ದೇನೆ: ಸಾಮಾನ್ಯವಾಗಿ ಹುದ್ದೆಗೆ ಇಷ್ಟರಿಂದ ಇಷ್ಟು ಅಂತ ಬಜೆಟ್ ಮೊದಲೇ ಆಗಿರುತ್ತದೆ. ನೀವು ನಿಮ್ಮ ಪೇ ಸ್ಲಿಪ್ ಹಿಡಿದು ಪರ್ಸೆಂಟ್ ಮಾತಾಡಿದರೆ ಆ ಬಜೆಟ್ ಎಷ್ಟು ಅಂತ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. “ಈ ಹುದ್ದೆಗೆ ಎಷ್ಟು ಇಟ್ಟಿದ್ದೀರಿ?” ಅಂತ ನೀವೇ ಕೇಳಬೇಕು. ಕೇಳಿದ್ದಕ್ಕೆ ಆಫರ್ ಕಿತ್ತುಕೊಂಡಿದ್ದನ್ನು ನಾನು ನೋಡಿಲ್ಲ.

ಆದರೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಒಂದಿದೆ: ಕೈಗೆ ಎಷ್ಟು ಬರುತ್ತೆ?

ನಮ್ಮ ಸೋದರತ್ತೆ ಮಗಳಿಗೆ 12 ಲಕ್ಷದ ಆಫರ್ ಬಂತು. ತಿಂಗಳಿಗೆ ಲಕ್ಷ ಅಂತ ಮನೆ ಬಾಡಿಗೆ ಲೆಕ್ಕವನ್ನೂ ಹಾಕಿಬಿಟ್ಟಿದ್ದಳು. ಆ 12 ಲಕ್ಷದಲ್ಲಿ ಏನೇನು ಸೇರಿದೆ ಅಂತ ತೋರಿಸುವ ಬ್ರೇಕಪ್ ಹಾಳೆ ತರಿಸಿ ಇಬ್ಬರೂ ಕೂತೆವು. ವೇರಿಯಬಲ್ 1,20,000, ಅದು ವರ್ಷದ ಕೊನೆಗೆ, ಅದೂ ಕಂಪನಿ ಚೆನ್ನಾಗಿ ನಡೆದರೆ. ಬೇಸಿಕ್, ಅಂದರೆ ಮೂಲ ಸಂಬಳ, 4,80,000. ಅದರ 12 ಪರ್ಸೆಂಟ್, ಅಂದರೆ 57,600, ಕಂಪನಿ ಕಟ್ಟುವ ಪಿಎಫ್. ಅದೂ ಈ 12 ಲಕ್ಷದೊಳಗೇ. ಗ್ರಾಚ್ಯುಟಿ 23,088. ಖಾಯಂ ನೌಕರರಿಗೆ ಅದು ಸಾಮಾನ್ಯವಾಗಿ ಐದು ವರ್ಷ ಇದ್ದರೆ ಮಾತ್ರ ಸಿಗುವ ದುಡ್ಡು. ವಿಮೆಗೆ 15,000. ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿ, ಅವಳ ಪಾಲಿನ ಪಿಎಫ್ 4,800, ವೃತ್ತಿ ತೆರಿಗೆ 200 ಕಳೆದರೆ ಸುಮಾರು 77,000. ಇನ್ನು ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಬೀಳುವುದಿಲ್ಲ ಅನ್ನುವುದೊಂದು ಸಮಾಧಾನ.

ಅವಳು ಸುಮ್ಮನಾದಳು. ಆಮೇಲೆ “ಹಾಗಾದ್ರೆ ಏನು ಕೇಳ್ಲಿ ಅಕ್ಕ?” ಅಂದಳು. ಇದು ಪ್ರಶ್ನೆ! ವೇರಿಯಬಲ್ ಕಮ್ಮಿ ಮಾಡಿ ಫಿಕ್ಸೆಡ್ ಜಾಸ್ತಿ ಮಾಡಿ ಅಂತ ಕೇಳು ಅಂದೆ. ಕೇಳಿದಳು. ಅರ್ಧ ವೇರಿಯಬಲ್ ಫಿಕ್ಸೆಡ್‌ಗೆ ಬಂತು. ಒಟ್ಟು ಅದೇ 12 ಲಕ್ಷ, ಆದರೆ ತಿಂಗಳಿಗೆ ನಾಲ್ಕೂವರೆ ಸಾವಿರದ ಹತ್ತಿರ ಜಾಸ್ತಿ.

ಈಗಿನ ಸಂಬಳ ಎಷ್ಟು ಅಂತ ಅವರು ಕೇಳಿಯೇ ಕೇಳುತ್ತಾರೆ. ಸುಳ್ಳು ಹೇಳಬೇಡಿ, ಮೂರು ತಿಂಗಳ ಪೇ ಸ್ಲಿಪ್, ಕಂಪನಿ ಕೊಡುವ ಸಂಬಳ-ತೆರಿಗೆ ಪ್ರಮಾಣಪತ್ರ (ಫಾರ್ಮ್ 16) ತರಿಸಿಕೊಂಡರೆ ಸಿಕ್ಕಿಬೀಳುತ್ತೀರಿ. ನಿಜ ಹೇಳಿ, ಅದೇ ಉಸಿರಿನಲ್ಲಿ “ಈ ಕೆಲಸಕ್ಕೆ ನನ್ನ ನಿರೀಕ್ಷೆ ಇಷ್ಟು” ಅಂತ ಒಂದು ಮೊತ್ತ ಹೇಳಿ. ಆಮೇಲೆ ಅವರು ಮಾತಾಡಲಿ. ಜಾಯಿನಿಂಗ್ ಬೋನಸ್ ತೋರಿಸಿದರೆ, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕಾ ಅಂತ ಪತ್ರದಲ್ಲಿ ಹುಡುಕಿ. ನೋಟಿಸ್ ಅವಧಿ 90 ದಿನ ಇದ್ದರೆ, ಬೇಗ ಬಿಡಲು ಹಳೇ ಕಂಪನಿಗೆ ಕಟ್ಟುವ ಬೈಔಟ್ ಹಣ ಯಾರು ಕೊಡುತ್ತಾರೆ ಅಂತ ಬರಹದಲ್ಲಿ ತೆಗೆದುಕೊಳ್ಳಿ. ಫೋನಿನಲ್ಲಿ “ಕನ್ಫರ್ಮ್” ಅಂದರು ಅಂತ ರಾಜೀನಾಮೆ ಕಳಿಸಬೇಡಿ.

ಇಷ್ಟಾದ ಮೇಲೂ ನನಗೆ ಫೋನ್ ಮಾಡಬೇಕು ಅನ್ನಿಸಿದರೆ ಮಾಡಿ. ಮೊದಲು ಬ್ರೇಕಪ್ ಹಾಳೆ ಕಳಿಸಿ.