ಬನದ ಹುಣ್ಣಿಮೆಯ ಬೆಳಕಲ್ಲಿ ಅಜ್ಜನ ತೇರಿಗೆ

ಮಗಳ ಜ್ವರ ಒಂಬತ್ತನೇ ದಿನಕ್ಕೂ ಇಳಿಯದಿದ್ದಾಗ ಹರಕೆ ಹೊತ್ತೆ: ‘ಅಜ್ಜಾ, ಮೂರು ವರ್ಷ ನಿನ್ನ ತೇರಿಗೆ ನಡಕೊಂತ ಬರ್ತೀನಿ.’ ಜ್ವರ ಇಳಿಯಿತು. ಅಳವಂಡಿ ಕಡೆಯ ನಮ್ಮ ಹಳ್ಳಿಯಿಂದ ಕೊಪ್ಪಳದ ಗವಿಮಠಕ್ಕೆ ಒಂದು ರಾತ್ರಿಯ ನಡಿಗೆ.

ನಾವು ಅಜ್ಜ ಎಂದು ಕರೆಯುವ ಗವಿಸಿದ್ಧೇಶ್ವರರ ಮಹಾರಥೋತ್ಸವ ನಡೆಯುವುದು ಬನದ ಹುಣ್ಣಿಮೆ, ಅಂದರೆ ಪುಷ್ಯದ ಹುಣ್ಣಿಮೆ, ದಾಟಿದ ಬಿದಿಗೆಗೆ. ನಾವು ಪಾಡ್ಯದ ಸಂಜೆಯೇ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಹೊತ್ತು ಮುಳುಗಿ ಸುಮಾರು ಒಂದು ತಾಸು ಕತ್ತಲು, ಆಮೇಲೆ ಮೂಡಣದಲ್ಲಿ ಚಂದಪ್ಪ ಏಳುತ್ತಾನೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅವನು ತನ್ನ ದಾರಿಯಲ್ಲಿ ಹದಿಮೂರು ಡಿಗ್ರಿ ಮುಂದೆ ಸರಿದಿರುತ್ತಾನೆ. ಅವನನ್ನು ಮತ್ತೆ ಕಾಣಲು ಭೂಮಿ ಇನ್ನಷ್ಟು ತಿರುಗಬೇಕು, ಸರಾಸರಿ 50 ನಿಮಿಷ. ಆ ಕತ್ತಲಲ್ಲಿ ನಮ್ಮ ಗುಂಪಿನ ಹೆಂಗಸರು ಮಾತಿಲ್ಲದೆ ನಡೆಯುತ್ತಾರೆ. ಬೆಳಕು ಬಿದ್ದ ಕೂಡಲೇ ಭಜನೆ ಶುರು.

ನಡುರಾತ್ರಿ ದಾಟಿದ ಮೇಲೆ ಚಂದ್ರ ನೆತ್ತಿಗೆ ಬರುತ್ತಾನೆ, ನೆರಳು ಕಾಲಡಿ ಮುದುರಿಕೊಳ್ಳುತ್ತದೆ. ಆಷಾಢದ ಹುಣ್ಣಿಮೆಯಲ್ಲಿ ಹೀಗಾಗದು, ಆಗ ಅವನು ತೆಂಕಣಕ್ಕೆ ವಾಲಿಯೇ ಸಾಗುತ್ತಾನೆ. ಹುಣ್ಣಿಮೆಯ ಚಂದ್ರ ಸೂರ್ಯನಿಗೆ ಎದುರಾಗಿ ನಿಲ್ಲುವವನು. ಚಳಿಗಾಲದಲ್ಲಿ ಸೂರ್ಯ ತಗ್ಗಿದರೆ ಇವನು ಏರುತ್ತಾನೆ. ಕಾರಹುಣ್ಣಿಮೆ ಹೊತ್ತಿಗೆ ಸೂರ್ಯ ಹಿಡಿಯುವ ದಾರಿಯನ್ನೇ ಪುಷ್ಯದಲ್ಲಿ ಇವನು ಹಿಡಿದಿರುತ್ತಾನೆ. ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ಓರೆಯಾಗಿರುವುದಕ್ಕೆ ಇದೆಲ್ಲ. ಬರಿಗಾಲಲ್ಲಿ ನಡೆಯುವವರಿಗೆ ಕಲ್ಲು ಮುಳ್ಳು ಕಾಣುವ ಹಾಗೆ ದೀಪ ಹಿಡಿದದ್ದು ಆ ಓರೆ ಎಂದುಕೊಂಡಾಗ ನನಗೆ ಕೈಮುಗಿಯಬೇಕೆನಿಸಿತು.

ಮೂರು ವರ್ಷ ಅದೇ ದಾರಿ, ಅದೇ ತಿಥಿ. ಹೊಲ ಮಾತ್ರ ಬೇರೆ ಬೇರೆ. 2024ರಲ್ಲಿ ತೇರು ಜನವರಿ 27ಕ್ಕೆ. ಎರೆ ಹೊಲದ ಬಿಳಿಜೋಳ ಕಾಳು ಗಟ್ಟಿಯಾಗಿ ತೆನೆ ಬಾಗಿತ್ತು. 2025ರಲ್ಲಿ 15ಕ್ಕೆ, ಸಂಕ್ರಾಂತಿಯ ಮರುದಿನ; ದಾರಿಯಲ್ಲಿ ಒಬ್ಬ ರೈತ ಕುಳ್ಳಿನ ಕೆಂಡದಲ್ಲಿ ಸುಟ್ಟ ಎಳೆಜೋಳದ ಸೀತನಿಯನ್ನು ಬೊಗಸೆ ತುಂಬ ಕೊಟ್ಟ. 2026ರಲ್ಲಿ 5ಕ್ಕೇ ಬಂತು. ತೆನೆ ಹಿಚುಕಿದರೆ ಹಾಲು. ಜೋಳ ಸೂರ್ಯನ ಲೆಕ್ಕದಲ್ಲಿ ಬೆಳೆಯುತ್ತದೆ, ಜಾತ್ರೆ ಚಂದ್ರನ ಲೆಕ್ಕದಲ್ಲಿ ಬರುತ್ತದೆ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ಸೌರವರ್ಷಕ್ಕೆ ಸುಮಾರು ಹನ್ನೊಂದು ದಿನ ಕಡಿಮೆ. ಪಂಚಾಂಗದಲ್ಲಿ ಓದಿದ್ದ ಈ ಹನ್ನೊಂದು ದಿನ ನನಗೆ ಅರ್ಥವಾದದ್ದು ತೆನೆ ಹಿಚುಕಿದಾಗ.

ನಮ್ಮ ಸೀಮೆಯವರಿಗೆ ಇನ್ನೊಂದು ಲೆಕ್ಕವೂ ಗೊತ್ತು. ಮುದಗಲ್ಲಿನ ಮೊಹರಂಗೆ ಊರೂರಿನವರು ಹೋಗುತ್ತಾರೆ; ಆ ಹಬ್ಬ ಬರಿಯ ಚಂದ್ರನದು. ಅದು ಮಳೆಯಲ್ಲೂ ಬರುತ್ತದೆ, ಬಿಸಿಲಲ್ಲೂ ಬರುತ್ತದೆ, ಸುಮಾರು 33 ವರ್ಷಕ್ಕೆ ಎಲ್ಲ ಕಾಲ ಸುತ್ತಿ ಬರುತ್ತದೆ. ಅಜ್ಜನ ಜಾತ್ರೆ ಹಾಗೆ ಅಲೆಯದಂತೆ ಹಿಡಿದಿಡುವುದು ಅಧಿಕಮಾಸ. 2026ರಲ್ಲಿ ಜ್ಯೇಷ್ಠ ಎರಡು, ಮೇ 17ರಿಂದ ಜೂನ್ 15ರವರೆಗೆ ಅಧಿಕ. ಅದರಿಂದ 2027ರ ತೇರು ಜನವರಿಯ ಮೂರನೇ ವಾರ ದಾಟಿ ಬರುತ್ತದೆ. ಮೂವತ್ಮೂರು ತಿಂಗಳ ಆಸುಪಾಸಿಗೊಮ್ಮೆ ಚಂದ್ರ ಹೀಗೆ ನಿಂತು, ಸೂರ್ಯನನ್ನು ಕಾಯುತ್ತಾನೆ.

ಬೆಳಗಿನ ಜಾವ ಕೊಪ್ಪಳ ಮುಟ್ಟಿದರೆ ಮೊದಲು ಗವಿಯ ದರ್ಶನ, ಆಮೇಲೆ ದಾಸೋಹ. ಹಳ್ಳಿಹಳ್ಳಿಗಳಿಂದ ಬಂಡಿ, ಟ್ರ್ಯಾಕ್ಟರ್ ತುಂಬ ಬಂದ ಜೋಳದ ರೊಟ್ಟಿ ಅಲ್ಲಿ ಗೋಡೆಯಂತೆ ಒಟ್ಟಿರುತ್ತದೆ. ಕಳೆದ ವರ್ಷದ ಬಿಸಿಲು ಉಂಡ ಜೋಳ ಅದು. ಮಾದಲಿ ಜೊತೆ ತಿನ್ನುವಾಗ ಕಾಲುನೋವು ನೆನಪಿಗೇ ಬರುವುದಿಲ್ಲ.

ಸಂಜೆ ತೇರು ಕದಲಿತು. ಉತ್ತತ್ತಿ, ಬಾಳೆಹಣ್ಣು ಗಾಳಿಯಲ್ಲಿ ಹಾರಿದವು. ಸೂರ್ಯ ಮುಳುಗುತ್ತಿದ್ದ, ಬಿದಿಗೆಯ ಚಂದ್ರನಿಗೆ ಇನ್ನೂ ಎರಡು ತಾಸು ಇತ್ತು. ಇಬ್ಬರೂ ಇಲ್ಲದ ಆ ಹೊತ್ತಿನಲ್ಲಿ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಂದ್ರ ಮೂಡುವವರೆಗೂ ನಿಂತಿದ್ದೆ. ಹರಕೆಯ ಮೂರು ವರ್ಷ ಅಲ್ಲಿಗೆ ಮುಗಿದವು. ‘ಬರೋ ವರ್ಷ ನಾನೂ ನಡೀತೀನಿ’ ಅಂದಳು. ಆಗ ತೆನೆ ಬಾಗಿರುತ್ತವೆ.